ಹಳೆಯ ಪಿಕಪ್‌ಗೆ ಮೊದಲು ದೊಡ್ಡ ಟೈರ್ ಹಾಕಲಾ, ಬೇರೆ ಕೆಲಸ ಮಾಡಲಾ?

ಓದುಗರ ಪ್ರಶ್ನೆ: ಇಪ್ಪತ್ತು ವರ್ಷ ದಾಟಿದ ಪಿಕಪ್ ಟ್ರಕ್ ಒಂದನ್ನು ತಗೊಂಡಿದ್ದೇನೆ. ಇಂಜಿನ್ ಚೆನ್ನಾಗಿದೆ. ಮನೆಯಲ್ಲೇ ಬಿಡುವಾದಾಗೆಲ್ಲ ಕೆಲಸ ಮಾಡುತ್ತಾ ಅದನ್ನು ನನಗೆ ಬೇಕಾದ ಹಾಗೆ ಮಾಡಿಕೊಳ್ಳುವ ಆಸೆ. ದೊಡ್ಡ ಟೈರ್, ಎತ್ತರದ ಸಸ್ಪೆನ್ಷನ್, ಒಳ್ಳೆ ಲೈಟ್ ಎಲ್ಲ ಮನಸ್ಸಿನಲ್ಲಿದೆ. ಯಾವುದರಿಂದ ಶುರು ಮಾಡಲಿ?

ಬ್ರೇಕಿನಿಂದ ಶುರು ಮಾಡಿ. ಆಮೇಲೆ ಲೈಟು. ದೊಡ್ಡ ಟೈರು ಮತ್ತು ಎತ್ತರ ಕೊನೆಗೆ ಬರಲಿ.

ಈ ಕ್ರಮಕ್ಕೆ ಕಾರಣ ಇದೆ. ಪಿಕಪ್‌ನಲ್ಲಿ ಒಂದು ಭಾಗ ಬದಲಾದರೆ ಅದರ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಟೈರ್ ದೊಡ್ಡದಾದರೆ ಬ್ರೇಕಿಗೆ ಕೆಲಸ ಜಾಸ್ತಿ, ಗಾಡಿಯ ಎಳೆತ ಕಡಿಮೆ, ಸ್ಟೀರಿಂಗ್ ಕೀಲುಗಳಿಗೆ ಸವೆತ ಹೆಚ್ಚು. ಗಾಡಿ ಹೊಸದಿದ್ದಾಗ ಇದನ್ನೆಲ್ಲ ತಾಳಿಕೊಳ್ಳುವಷ್ಟು ಕಸುವು ಎಲ್ಲ ಭಾಗದಲ್ಲೂ ಇರುತ್ತದೆ. ಹಳೆಯದಾಗುತ್ತಾ ಮೊದಲು ಹೋಗುವುದೇ ಆ ಹೆಚ್ಚಿನ ಕಸುವು. ಅದನ್ನು ಮೊದಲು ವಾಪಸ್ ತನ್ನಿ. ಆಮೇಲೆ ಏನು ಸೇರಿಸಿದರೂ ಗಾಡಿ ತಾಳುತ್ತದೆ.

ಬ್ರೇಕ್ ಬಿಚ್ಚುವ ಮೊದಲೇ ಒಂದು ದಿನ ಪೂರ್ತಿ ಗಾಡಿಯ ಕೆಳಗೆ ಕಳೆಯಿರಿ. ಜಾಕ್ ಇರುವುದು ಗಾಡಿ ಎತ್ತಲು ಮಾತ್ರ, ಹೊತ್ತು ನಿಲ್ಲಿಸಲು ಅಲ್ಲ. ಗಟ್ಟಿಯಾದ ಸಮತಟ್ಟು ನೆಲ, ಚಕ್ರಕ್ಕೆ ಅಡ್ಡಗಟ್ಟೆ, ಚಾಸಿ ಅಥವಾ ಆಕ್ಸಲ್ ಕೆಳಗೆ ತೂಕಕ್ಕೆ ತಕ್ಕ ಜಾಕ್ ಸ್ಟ್ಯಾಂಡು, ಇಷ್ಟೂ ಇರಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಅವು ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತವೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಗಾಡಿಯನ್ನು ಕೈಯಿಂದ ಜೋರಾಗಿ ಅಲುಗಿಸಿ ನೋಡಿ. ಆಮೇಲೆ ಕೆಳಗೆ ಹೋಗಿ.

ಅಲ್ಲಿ ನೋಡಬೇಕಾದ್ದು ಚಾಸಿ. ಬಹುತೇಕ ಎಲ್ಲ ಹಳೆಯ ಪಿಕಪ್‌ಗಳದ್ದು ಏಣಿ ಚಾಸಿ: ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಎಷ್ಟೋ ಗಾಡಿಗಳಲ್ಲಿ ಈ ತೊಲೆ ಟೊಳ್ಳು. ಕೆಸರು ಒಳಗೆ ಸೇರಿ ಅಲ್ಲೇ ಕೂರುತ್ತದೆ. ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ, ಮೇಲಿನ ಪೇಂಟ್ ಮಾತ್ರ ಚೆನ್ನಾಗೇ ಕಾಣುತ್ತಿರುತ್ತದೆ. ಅದಕ್ಕೇ ಕಣ್ಣನ್ನು ನಂಬಬೇಡಿ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ, ಕೊಳೆತ ಜಾಗ ಮಂಕಾಗಿ ಕೇಳಿಸುತ್ತದೆ. ಹಿಂದಿನ ಸ್ಪ್ರಿಂಗ್ ಕಟ್ಟಿರುವ ಬ್ರಾಕೆಟ್, ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗಿ ಹೋಗುವ ಜಾಗ, ಇಂಧನ ಟ್ಯಾಂಕಿನ ಹಿಂಬದಿ, ಈ ಮೂರನ್ನು ಬಿಡಬೇಡಿ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅದು ಒಳಗೆ ಹೋಯಿತು ಅಂದರೆ ಮಿಕ್ಕ ಆಸೆಗಳನ್ನೆಲ್ಲ ಪಕ್ಕಕ್ಕಿಡಿ, ಮೊದಲು ಚಾಸಿ ಸರಿಯಾಗಬೇಕು. ಬರೀ ಮೇಲ್ಮೈ ತುಕ್ಕಾದರೆ ತಂತಿ ಬ್ರಷ್‌ನಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಟೊಳ್ಳಿನೊಳಗೆ ಉದ್ದ ನಳಿಕೆಯಿಂದ ಮೇಣದಂಥ ತುಕ್ಕು ತಡೆ ದ್ರವ ಸಿಂಪಡಿಸಿ. ಕೆಳಗಿರುವ ನೀರು ಹೋಗುವ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ಈಗ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 3 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಲೋಡ್ ಹಾಕಿಕೊಂಡು ಉದ್ದನೆಯ ಇಳಿಜಾರಿನಲ್ಲಿ ಇಳಿಯುವಾಗ 140 ಡಿಗ್ರಿ ಏನೂ ದೊಡ್ಡದಲ್ಲ. ಆಯಿಲ್ ಕುದ್ದರೆ ಗುಳ್ಳೆ ಬರುತ್ತದೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಕ್ಯಾಪ್ ಮೇಲೆ ಏನು ಬರೆದಿದೆಯೋ ಅದೇ ಆಯಿಲ್ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಸಿಲಿಕೋನ್‌ನಿಂದ ಮಾಡಿದ ಡಾಟ್ 5 ಆಯಿಲನ್ನು ಇವುಗಳ ಜೊತೆ ಬೆರೆಸಲೇಬೇಡಿ.

ಆಯಿಲ್ ಬದಲಾಯಿಸುವಾಗಲೇ ರಬ್ಬರ್ ಹೋಸ್‌ಗಳನ್ನೂ ಬದಲಾಯಿಸಿಬಿಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ನೋಡಿದರೆ ಅವು ಚೆನ್ನಾಗೇ ಇರುತ್ತವೆ. ಒಳಗಿನ ಪದರ ಮಾತ್ರ ಉಬ್ಬಿ ದಾರಿ ಕಿರಿದಾಗಿರುತ್ತದೆ. ಪೆಡಲ್ ತುಳಿದಾಗ ಆಯಿಲ್ ಒತ್ತಡದಿಂದ ಮುಂದೆ ಹೋಗುತ್ತದೆ, ಕಾಲು ತೆಗೆದರೂ ವಾಪಸ್ ಬರುವುದಿಲ್ಲ. ಆ ಚಕ್ರದ ಬ್ರೇಕ್ ಹಿಡಿದೇ ಇರುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಹೋಸನ್ನೂ, ಬ್ರೇಕ್ ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರನ್ನೂ ಅನುಮಾನಿಸಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ತೆಗೆದಾಗ ಸಿಗುವ ದೂಳನ್ನು ಏರ್ ಹೊಡೆದು ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಮಾಸ್ಕ್ ಹಾಕಿಕೊಂಡು, ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಇಂಜಿನ್ ಚೆನ್ನಾಗಿದೆ ಅಂದಿದ್ದೀರಿ, ಒಳ್ಳೆಯದಾಯಿತು. ಆದರೂ ಅದು ಟೈಮಿಂಗ್ ಬೆಲ್ಟ್ (ವಾಲ್ವ್ ಮತ್ತು ಪಿಸ್ಟನ್ ಒಂದೇ ತಾಳದಲ್ಲಿ ಓಡುವಂತೆ ನೋಡಿಕೊಳ್ಳುವ ಬೆಲ್ಟ್) ಇರುವ ಇಂಜಿನ್ ಆಗಿದ್ದು, ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಈಗಲೇ ಬದಲಾಯಿಸಿ. ಬಹಳಷ್ಟು ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದ ಕ್ಷಣವೇ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಜೊತೆಗೆ ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್, ಹೋಸ್‌ಗಳು ಹೊಸದಾಗಲಿ. ಇಂಜಿನ್ ಕಡೆ ಸದ್ಯಕ್ಕೆ ಇಷ್ಟು ಸಾಕು.

ಇನ್ನು ಲೈಟು. ಖರ್ಚು ಕಡಿಮೆ, ಮನೆಯಲ್ಲೇ ಮಾಡಬಹುದು, ಮಾಡಿದ ರಾತ್ರಿಯೇ ಫಲ ಕಾಣುತ್ತದೆ. ಹಾಗಾಗಿ ನನಗೆ ತುಂಬಾ ಇಷ್ಟವಾದ ಕೆಲಸ ಇದು. ಎಷ್ಟೋ ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟ್ ಪೂರ್ತಿ ಸ್ಟೀರಿಂಗ್ ಹತ್ತಿರದ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಮಾಮೂಲಿ ಎಚ್4 ಬಲ್ಬಿನ ಹೈ ಬೀಮ್ 60 ವ್ಯಾಟ್. ಎರಡು ಬಲ್ಬಿಗೆ 120 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ಸಣ್ಣ ವೈರು, ಸುಟ್ಟ ಸ್ವಿಚ್, ತುಕ್ಕು ಹಿಡಿದ ಅರ್ತ್, ಇಷ್ಟನ್ನೂ ದಾಟಿ ಬಲ್ಬಿಗೆ ತಲುಪುವಾಗ ವೋಲ್ಟೇಜ್ ಬಿದ್ದಿರುತ್ತದೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಹೇಗೆಂದರೆ, ವೋಲ್ಟೇಜ್ ಶೇ. 10ರಷ್ಟು ಬಿದ್ದರೆ ಬೆಳಕು ಸುಮಾರು ಶೇ. 30ರಷ್ಟು ಬೀಳುತ್ತದೆ. ಬಲ್ಬ್ ಬದಲಾಯಿಸಿದರೂ ಬೆಳಕು ಮಂಕಾಗೇ ಉಳಿಯುವುದು ಇದಕ್ಕೇ.

ಪರೀಕ್ಷೆ ಸುಲಭ. ಇಂಜಿನ್ ಚಾಲೂ ಇಟ್ಟು, ಹೈ ಬೀಮ್ ಹಾಕಿ, ಮಲ್ಟಿಮೀಟರ್‌ನಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡಿ. ಆಮೇಲೆ ಬಲ್ಬಿನ ಕನೆಕ್ಟರ್ ಹಿಂದೆ ನೋಡಿ. ಎರಡರ ನಡುವೆ ಒಂದು ವೋಲ್ಟ್ ವ್ಯತ್ಯಾಸ ಇದ್ದರೂ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಹಾಕಿಕೊಳ್ಳುವುದು ಲಾಭವೇ. ಲೋ ಬೀಮಿಗೆ ಒಂದು, ಹೈ ಬೀಮಿಗೆ ಒಂದು ರಿಲೇ ಬೇಕು. ರಿಲೇಯ 30 ನಂಬರ್ ಕಾಲಿಗೆ ಬ್ಯಾಟರಿಯಿಂದ ಹೊಸ ದಪ್ಪ ವೈರು, 87ರಿಂದ ಬಲ್ಬಿಗೆ, 85 ಮತ್ತು 86ಕ್ಕೆ ಹಳೆಯ ಹೆಡ್‌ಲೈಟ್ ವೈರು ಹಾಗೂ ಅರ್ತ್. ಈಗ ಹಳೆಯ ಸ್ವಿಚ್ ರಿಲೇಯನ್ನು ಎಬ್ಬಿಸುವಷ್ಟು ಕೆಲಸ ಮಾತ್ರ ಮಾಡುತ್ತದೆ. ವೈರು 2.5 ಚದರ ಮಿ.ಮೀ. ಇರಲಿ, ಫ್ಯೂಸ್ 15 ಆಂಪಿಯರ್. ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇಲ್ಲ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಇನ್ನೊಂದು ಮಾತು: ಕೆಲವು ಗಾಡಿಗಳಲ್ಲಿ ಸ್ವಿಚ್ ಕೂರುವುದು ಪಾಸಿಟಿವ್ ಕಡೆಯಲ್ಲ, ಅರ್ತ್ ಕಡೆ. ನಿಮ್ಮ ಮಾಡೆಲ್ಲಿನ ವೈರಿಂಗ್ ನಕ್ಷೆ ನೋಡದೆ ಒಂದು ವೈರನ್ನೂ ಕತ್ತರಿಸಬೇಡಿ.

ಹ್ಯಾಲೊಜೆನ್‌ಗೆ ಮಾಡಿದ ಲ್ಯಾಂಪಿನೊಳಗೆ ಎಲ್‌ಇಡಿ ಬಲ್ಬ್ ತುರುಕುವುದನ್ನು ನಾನು ಒಪ್ಪುವುದಿಲ್ಲ. ಆ ರಿಫ್ಲೆಕ್ಟರನ್ನು ರೂಪಿಸಿರುವುದು ಹ್ಯಾಲೊಜೆನ್ ಬಲ್ಬಿನೊಳಗೆ ಉರಿಯುವ ತಂತಿ ಇರುವ ಜಾಗವನ್ನು ಲೆಕ್ಕ ಹಾಕಿ. ಎಲ್‌ಇಡಿ ಚಿಪ್ಪಿನ ಜಾಗ, ಆಕಾರ ಎರಡೂ ಬೇರೆ. ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮಗೆ ದೂರದ ರಸ್ತೆ ಕಾಣುವುದು ಕಡಿಮೆಯಾಗುತ್ತದೆ. ಎಷ್ಟೋ ದೇಶಗಳಲ್ಲಿ ಕಾನೂನೂ ಇದಕ್ಕೆ ಒಪ್ಪುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಟೈರ್. ಇಲ್ಲಿ ಆಸೆಗಿಂತ ಮೊದಲು ಲೆಕ್ಕ ಹಾಕಿ. ನಿಮ್ಮ ಗಾಡಿಯಲ್ಲಿ 235/75ಆರ್15 ಟೈರ್ ಇದೆ ಅಂದುಕೊಳ್ಳಿ. 235 ಅಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. 15 ಇಂಚಿನ ರಿಮ್ ಅಂದರೆ 381 ಮಿ.ಮೀ. ಟೈರಿನ ಗೋಡೆಯ ಎತ್ತರ 235ರ ಶೇ. 75, ಮೇಲೆ ಕೆಳಗೆ ಎರಡು ಸಲ ಸೇರಿದರೆ 352.5. ಒಟ್ಟು ಎತ್ತರ 733.5 ಮಿ.ಮೀ. ಅದೇ ರಿಮ್ಮಿಗೆ 265/75ಆರ್15 ಹಾಕಿದರೆ 778.5 ಮಿ.ಮೀ. ಎತ್ತರ ಶೇ. 6ರಷ್ಟು ಜಾಸ್ತಿ ಆಯಿತು. ಸ್ಪೀಡೊಮೀಟರ್ ಮೊದಲು ಸರಿ ತೋರಿಸುತ್ತಿತ್ತು ಅಂದರೆ, ಈಗ ಅದು 100 ತೋರಿಸುವಾಗ ಗಾಡಿ 106ರಲ್ಲಿ ಓಡುತ್ತಿರುತ್ತದೆ. ಡಿಫರೆನ್ಷಿಯಲ್ ಅನುಪಾತ (ಚಕ್ರ ಒಂದು ಸುತ್ತು ಬರಲು ಡ್ರೈವ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ) 4.10 ಇದ್ದರೆ, ಅದು 3.86ರ ಹಾಗೆ ವರ್ತಿಸುತ್ತದೆ. ಏರಿನಲ್ಲಿ ಗೇರ್ ಇಳಿಸುವುದು ಜಾಸ್ತಿಯಾಗುತ್ತದೆ. ಇಷ್ಟಕ್ಕೂ ಆಕ್ಸಲ್ ಕೆಳಗೆ ಸಿಕ್ಕ ಹೆಚ್ಚಿನ ಜಾಗ ಎಷ್ಟು ಗೊತ್ತಾ? ವ್ಯತ್ಯಾಸದ ಅರ್ಧ, ಅಂದರೆ 22.5 ಮಿ.ಮೀ. ಅಷ್ಟೇ.

ಕೆಟ್ಟ ದಾರಿಯಲ್ಲಿ ಆ 22 ಮಿ.ಮೀ. ಕೂಡ ಬೆಲೆಬಾಳುತ್ತದೆ, ಅದು ನಿಜ. ಆದರೆ ಗಾಡಿ ಹೆಚ್ಚಾಗಿ ಟಾರ್ ರಸ್ತೆಯಲ್ಲೇ ಓಡುವುದಾದರೆ, ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಹಿಡಿತದ ಹೊಸ ಟೈರ್ ಹಾಕಿ ಅನ್ನುತ್ತೇನೆ. ದೊಡ್ಡದು ಬೇಕೇಬೇಕು ಅನ್ನುವುದಾದರೆ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ತೂಕ ಸೂಚಿಸುವ ಸಂಖ್ಯೆ) ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ರಿಮ್ಮಿನ ಅಗಲಕ್ಕೆ ಆ ಟೈರ್ ಒಪ್ಪುತ್ತದೆಯೇ ನೋಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಚಾಸಿಗಾಗಲೀ ಫೆಂಡರಿಗಾಗಲೀ ಉಜ್ಜಬಾರದು. ಫೋರ್ ವೀಲ್ ಡ್ರೈವ್ ಗಾಡಿಯಾದರೆ ನಾಲ್ಕೂ ಒಂದೇ ಅಳತೆ ಇರಲೇಬೇಕು.

ಎತ್ತರದ ವಿಷಯದಲ್ಲಿ ಜನ ಮರೆಯುವುದು ಒಂದಿದೆ. ಹಳೆಯ ಗಾಡಿ ತಗ್ಗಾಗಿ ಕಾಣುವುದು ಎಷ್ಟೋ ಸಲ ಸ್ಪ್ರಿಂಗ್ ಕುಸಿದಿರುವುದರಿಂದ. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ನೋಡಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ಅಥವಾ ಹಿಂದಿನ ಕಮಾನ್ ಪಟ್ಟಿಗಳು ಖಾಲಿ ಗಾಡಿಯಲ್ಲೇ ಚಪ್ಪಟೆಯಾಗಿದ್ದರೆ, ಲಿಫ್ಟ್ ಕಿಟ್ ಬೇಡ. ಹೊಸ ಸ್ಪ್ರಿಂಗ್, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿ. ಗಾಡಿ ತಾನಾಗಿ ಎದ್ದು ನಿಲ್ಲುತ್ತದೆ, ಓಡುವ ರೀತಿಯೇ ಬದಲಾಗುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟುಗಳು ಒಮ್ಮೆ ಬಿಗಿಸಿದಾಗಲೇ ಎಳೆದುಕೊಂಡಿರುತ್ತವೆ, ಹಳೆಯವನ್ನು ಮತ್ತೆ ಬಳಸಬೇಡಿ.

ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಪಿಕಪ್‌ಗಳಲ್ಲಿ ಬೋಲ್ಟ್ ತಿರುಗಿಸಿಯೇ ಎತ್ತರಿಸಬಹುದು. ಬಿಟ್ಟಿಯಾಗಿ ಸಿಗುವ ಎತ್ತರ ಅಂತ ಮಿತಿ ಮೀರಬೇಡಿ. ಬಾರಿನ ಗಟ್ಟಿತನ ಅದರಿಂದ ಹೆಚ್ಚುವುದಿಲ್ಲ. ಚಕ್ರ ಕೆಳಗೆ ಇಳಿಯುವ ಅವಕಾಶ ಕಡಿಮೆಯಾಗಿ, ಗುಂಡಿಗೆ ಬಿದ್ದಾಗ ಧಡ್ ಅನ್ನುತ್ತದೆ. ಚಕ್ರದ ಕಡೆಯ ಕೀಲುಗಳಾದ ಬಾಲ್ ಜಾಯಿಂಟ್ ಮತ್ತು ಸಿವಿ ಜಾಯಿಂಟ್ ಕೋನ ಕೆಟ್ಟು ಬೇಗ ಸವೆಯುತ್ತವೆ.

ಹಿಂದೆ ಎತ್ತರಿಸುವವರು ಆಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ಕಡ್ಡಿಯಿಂದ ಜೋಡಿಸಿದ ಒಂದು ವಾಲ್ವ್ ಇದೆಯೇ ನೋಡಬೇಕು. ಅದು ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್. ಹಿಂಭಾಗ ಕುಸಿದಷ್ಟೂ ಲೋಡ್ ಜಾಸ್ತಿ ಅಂತ ಅದರ ಲೆಕ್ಕ. ನೀವು ಗಾಡಿ ಎತ್ತಿದರೆ ಅದಕ್ಕೆ ಗಾಡಿ ಸದಾ ಖಾಲಿಯಾಗೇ ಕಾಣುತ್ತದೆ. ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕಳಿಸುತ್ತದೆ, ಅದೂ ನೀವು ಪೂರ್ತಿ ಲೋಡ್ ಹಾಕಿದಾಗಲೂ. ಅದರ ಬ್ರಾಕೆಟನ್ನು ಅಷ್ಟೇ ಎತ್ತರಿಸಿ ಮತ್ತೆ ಹೊಂದಿಸಲೇಬೇಕು. ಬ್ರೇಕ್ ಹೋಸ್ ಉದ್ದ ಸಾಲುತ್ತದೆಯೇ ಅಂತಲೂ ಚಕ್ರ ಪೂರ್ತಿ ಇಳಿಬಿಟ್ಟು ನೋಡಿ. ಇನ್ನೊಂದು, ಸ್ಪ್ರಿಂಗಿಗೆ ಪಟ್ಟಿ ಸೇರಿಸಿದರೆ ಗಾಡಿ ಹೊರಬಹುದಾದ ತೂಕ ಹೆಚ್ಚಾಗುವುದಿಲ್ಲ. ಆಕ್ಸಲ್, ಬೇರಿಂಗ್, ಚಾಸಿ, ಬ್ರೇಕ್ ಎಲ್ಲ ಹಳೆಯವೇ ಅಲ್ವಾ? ಕಂಪನಿಯ ಫಲಕದಲ್ಲಿ ಬರೆದ ತೂಕವೇ ಮಿತಿ. ಉಕ್ಕಿನ ಬಂಪರ್, ವಿಂಚ್, ಹಿಂದಿನ ಮುಚ್ಚಿಗೆ ಇವೆಲ್ಲದರ ತೂಕವೂ ಅದರಲ್ಲೇ ಕಳೆಯುತ್ತದೆ.

ಕ್ಯಾಬಿನ್ ಮತ್ತು ಲೋಡ್ ಬಾಡಿಯ ಕೆಲಸ ನಿಮ್ಮ ರುಚಿಗೆ ಬಿಟ್ಟದ್ದು. ಸದ್ದು ತಡೆಯುವ ಹಾಳೆ ಅಂಟಿಸುವುದಾದರೆ ತಗಡಿನ ಇಂಚಿಂಚೂ ಮುಚ್ಚಬೇಕಿಲ್ಲ, ನಡುವಿನ ಕಾಲು ಭಾಗ ಮುಚ್ಚಿದರೂ ತಗಡಿನ ನಡುಕ ಬಹಳಷ್ಟು ನಿಲ್ಲುತ್ತದೆ. ಲೋಡ್ ಬಾಡಿಗೆ ರಬ್ಬರಿನಂಥ ಲೈನರ್ ಬಳಿಯುವ ಮೊದಲು ತುಕ್ಕು ಪೂರ್ತಿ ತೆಗೆಯಿರಿ. ಅದರ ಕೆಳಗೆ ಸಿಕ್ಕಿಕೊಂಡ ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ.

ಮನೆಯಲ್ಲಿ ಮಾಡಬಾರದ ಎರಡು ಕೆಲಸ ಹೇಳುತ್ತೇನೆ: ಚಾಸಿ ವೆಲ್ಡಿಂಗ್ ಮತ್ತು ವೀಲ್ ಅಲೈನ್‌ಮೆಂಟ್. ಸಸ್ಪೆನ್ಷನ್ ಮುಟ್ಟಿದ ಮೇಲೆ ಅಲೈನ್‌ಮೆಂಟ್ ಮಾಡಿಸಿಯೇ ದೂರ ಹೋಗಿ. ಎತ್ತರ, ಟೈರ್ ಅಳತೆ, ಇಂಜಿನ್ ಬದಲಾವಣೆಗೆ ಪ್ರತಿ ದೇಶದಲ್ಲೂ ಬೇರೆ ಬೇರೆ ನಿಯಮ ಇದೆ. ವಿಮೆಯೂ ಅದನ್ನೇ ಕೇಳುತ್ತದೆ. ಸಾಮಾನು ತರಿಸುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ. ಚಕ್ರದ ನಟ್ಟು ಮತ್ತು ಯು ಬೋಲ್ಟುಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಕಂಪನಿ ಹೇಳಿದ ಅಳತೆಗೆ ಬಿಗಿಸಿ, 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಸಿ ನೋಡಿ.