ಎಡಗೈಗೆ ಕೆಲಸ ಕೊಡದೆ 3ಡಿ ಮೌಸ್ ಕೊಳ್ಳಬೇಡಿ

ಹೋದ ತಿಂಗಳು ಪೀಣ್ಯದ ಒಂದು ಮೋಲ್ಡ್ (ಅಚ್ಚು) ಕಾರ್ಖಾನೆಯಿಂದ ಫೋನ್ ಬಂತು. ‘ಸರ್, ನೀವು ಹೇಳಿದ್ರಿ ಅಂತ 3ಡಿ ಮೌಸ್ ತರಿಸಿದ್ವಿ. ಪೀಸೇ ಡಿಫೆಕ್ಟು ಅನ್ಸುತ್ತೆ. ಎಷ್ಟು ತಿರುಗಿಸಿದ್ರೂ ಕರ್ಸರ್ ಅಲ್ಲಾಡ್ತಿಲ್ಲ.’ ಹೋಗಿ ನೋಡಿದರೆ ಡಿಸೈನರ್ ಹುಡುಗ ತನ್ನ ಹಳೇ ಮೌಸನ್ನು ಕಳಚಿ ಡ್ರಾಯರಿಗೆ ಹಾಕಿ, ಅದೇ ಜಾಗದಲ್ಲಿ, ಬಲಗಡೆಗೆ, ಹೊಸದನ್ನು ಇಟ್ಟುಕೊಂಡು ಕೂತಿದ್ದ.

ಟೂಲ್ ಡಿಸೈನ್ ಮಾಡುತ್ತಾ, ಕಲಿಸುತ್ತಾ ಇಪ್ಪತ್ತು ವರ್ಷ ದಾಟಿತು. ಇದೊಂದು ತಪ್ಪನ್ನು ಎಷ್ಟು ಆಫೀಸುಗಳಲ್ಲಿ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಹತ್ತು ಸಾವಿರಕ್ಕೂ ಮೀರಿ ದುಡ್ಡು ಕೊಟ್ಟು ತಂದ ಸಾಮಾನು ಮೂರೇ ದಿನಕ್ಕೆ ಕಪಾಟು ಸೇರುತ್ತದೆ. ಆಮೇಲೆ ಮಾಲೀಕರು ನನ್ನ ಹತ್ತಿರ ‘ಅದೆಲ್ಲ ನಮ್ಮ ಹುಡುಗರಿಗೆ ಆಗಿಬರಲ್ಲ’ ಅನ್ನುತ್ತಾರೆ. ಹುಡುಗರಿಗೆ ಖಂಡಿತ ಆಗಿಬರುತ್ತದೆ. ಅದು ಯಾವ ಕೈಯ ಸಾಮಾನು ಅನ್ನುವುದನ್ನು ಮಾತ್ರ ಯಾರೂ ಅವರಿಗೆ ಹೇಳಿರುವುದಿಲ್ಲ.

3ಡಿ ಮೌಸ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅದು ಮೇಜಿನ ಮೇಲೆ ಕೂರುವ ಒಂದು ಹಿಡಿಕೆ. ಕರ್ಸರನ್ನು ಓಡಿಸುವುದಿಲ್ಲ, ಗೆರೆ ಎಳೆಯುವುದಿಲ್ಲ, ಮುಖವನ್ನೋ ಅಂಚನ್ನೋ ಆರಿಸುವುದಿಲ್ಲ. ಪರದೆಯ ಮೇಲಿನ 3ಡಿ ಮಾಡೆಲನ್ನು ಹಿಡಿದು ತಿರುಗಿಸುವುದು, ಹತ್ತಿರಕ್ಕೆ ತರುವುದು, ಪಕ್ಕಕ್ಕೆ ಸರಿಸುವುದು, ಅಷ್ಟೇ ಅದರ ಕೆಲಸ. ಆರಿಸುವುದು, ಎಳೆಯುವುದು, ಕ್ಲಿಕ್ ಮಾಡುವುದು ಎಲ್ಲವೂ ಬಲಗೈಯಲ್ಲಿರುವ ಮಾಮೂಲಿ ಮೌಸಿನದು. ಎಡಗೈಯಲ್ಲಿ ಇದು, ಬಲಗೈಯಲ್ಲಿ ಅದು, ಎರಡೂ ಒಟ್ಟಿಗೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಅಭ್ಯಾಸ ಮಾಡಿಕೊಂಡರೆ ಮೊದಲಿಗಿಂತ ನಿಧಾನವಾಗುತ್ತೀರಿ. ಎಡಚರು ಕೈಗಳನ್ನು ಅದಲುಬದಲು ಮಾಡಿಕೊಂಡರೆ ಆಯಿತು.

ನಿಮ್ಮದೇ ಶಾಪ್ ಫ್ಲೋರಿಗೆ ಇಳಿದು ಲೋಹದ ಅಂಚಿನ ಒರಟು ಚೂರು, ಅಂದರೆ ಬರ್ ತೆಗೆಯುವವನನ್ನು ಒಂದು ನಿಮಿಷ ನೋಡಿ. ಎಡಗೈಯಲ್ಲಿ ಜಾಬ್ (ಲೋಹದ ತುಂಡು), ಬಲಗೈಯಲ್ಲಿ ಫೈಲ್ (ಅರ). ಎಡಗೈ ಅಂಚನ್ನು ತಿರುಗಿಸಿ ಒಡ್ಡುತ್ತಾ ಹೋಗುತ್ತದೆ, ಬಲಗೈ ಉಜ್ಜುತ್ತಾ ಹೋಗುತ್ತದೆ. ಜಾಬನ್ನು ಕೆಳಗಿಟ್ಟು, ತಿರುಗಿಸಿ, ಮತ್ತೆ ಫೈಲ್ ಎತ್ತಿಕೊಳ್ಳುವವನನ್ನು ಫೋರ್‌ಮನ್ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಮೇಲಿನ ಮಹಡಿಯ ಡಿಸೈನ್ ರೂಮಿನಲ್ಲಿ ಮಾತ್ರ ದಿನವಿಡೀ ನಡೆಯುವುದು ಅದೇ. ಮೌಸಿನ ಮಧ್ಯದ ವೀಲ್ ಒತ್ತಿ ಮಾಡೆಲ್ ತಿರುಗಿಸು, ಬಿಡು, ಕ್ಲಿಕ್ ಮಾಡು, ಮತ್ತೆ ವೀಲ್ ಒತ್ತು.

1987ರಲ್ಲಿ ಫ್ರಾನ್ಸಿನ ಸಂಶೋಧಕ ಈವ್ ಗಿಯಾರ್ ಎರಡು ಕೈಗಳ ಈ ಹಂಚಿಕೆಯ ಬಗ್ಗೆ ಬರೆದರು. ನಾವು ಬರೆಯುವಾಗ ಎಡಗೈ ಸುಮ್ಮನಿರುವುದಿಲ್ಲ, ಕಾಗದವನ್ನು ಆಗಾಗ ಸರಿಸಿ ಬಲಗೈಗೆ ಅನುಕೂಲದ ಜಾಗ ಮಾಡಿಕೊಡುತ್ತಲೇ ಇರುತ್ತದೆ ಎಂದು ತೋರಿಸಿದರು. ಎಡಗೈ ನೆಲೆ ಕೊಡುತ್ತದೆ, ಬಲಗೈ ಆ ನೆಲೆಯ ಮೇಲೆ ಸೂಕ್ಷ್ಮ ಕೆಲಸ ಮಾಡುತ್ತದೆ. ನಮ್ಮ ಕಸುಬಿಗೂ ಇದು ಹೊಸದೇನಲ್ಲ. 1963ರಲ್ಲಿ ಐವನ್ ಸದರ್‌ಲೆಂಡ್ ತೋರಿಸಿದ, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್‌ನಲ್ಲೇ ಒಂದು ಕೈಗೆ ಲೈಟ್ ಪೆನ್, ಇನ್ನೊಂದಕ್ಕೆ ಗುಂಡಿಗಳ ಪೆಟ್ಟಿಗೆ ಇತ್ತು. 1968ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಜಗತ್ತಿಗೆ ಮೌಸನ್ನು ತೋರಿಸಿದಾಗಲೂ ಅವರ ಎಡಗೈ ಐದು ಕೀಲಿಗಳ ಬೇರೊಂದು ಸಾಧನದ ಮೇಲಿತ್ತು. ಮನೆಮನೆಗೆ ಬಂದದ್ದು ಮೌಸ್ ಒಂದೇ.

ಇಂಜಿನಿಯರಿಂಗ್ ಕಾಲೇಜಿನಲ್ಲಿ ನಕ್ಷೆ ಬರೆಯುವ ಬೋರ್ಡಿಗೆ ಸಿಕ್ಕಿಸುವ ಅಳತೆಪಟ್ಟಿ, ಮಿನಿ ಡ್ರಾಫ್ಟರ್ ಹಿಡಿದವರಿಗೆ ಇದು ಬೇಗ ಒಲಿಯುತ್ತದೆ ಎಂದು ನನ್ನ ಅನುಭವ. ಬೋರ್ಡಿನ ಮೇಲೆ ಎಡಗೈ ಡ್ರಾಫ್ಟರಿನ ತಲೆಯನ್ನು ಸರಿಸುತ್ತಿತ್ತು, ಬಲಗೈಯಲ್ಲಿ ಪೆನ್ಸಿಲ್. ಅರವತ್ತು ದಾಟಿದ ಒಬ್ಬ ಹಿರಿಯರು, ಬೋರ್ಡಿನ ಕಾಲದ ಜಿಗ್ ಡಿಸೈನರ್, ಮಗನ ಆಫೀಸಿನಲ್ಲಿ ನನ್ನ ಪಕ್ಕ ಕೂತು ಒಂದೇ ಬೆಳಿಗ್ಗೆ ಹದ ಹಿಡಿದುಬಿಟ್ಟರು. ಅವರ ಮಗನಿಗೆ ಹತ್ತು ದಿನ ಬೇಕಾಯಿತು. ‘ಅಪ್ಪಾಜಿ, ನಿಮಗೆ ಹೇಗೆ ಬಂತು?’ ಎಂದು ಅವನು ಕೇಳಿದಾಗ ಅವರ ಮುಖದಲ್ಲಿ ಮೂಡಿದ ಸಂತೋಷ ನನಗೆ ಇನ್ನೂ ನೆನಪಿದೆ.

ಇನ್ನೊಂದು ತೊಡಕು, ಜೋರಾಗಿ ತಿರುಚುವುದು. ಈ ಹಿಡಿಕೆಯ ಮೂಲ ಜರ್ಮನಿಯ ಬಾಹ್ಯಾಕಾಶ ಸಂಸ್ಥೆಯ ರೋಬೋ ಪ್ರಯೋಗಾಲಯದಲ್ಲಿದೆ. 1993ರಲ್ಲಿ ಕೊಲಂಬಿಯಾ ನೌಕೆಯಲ್ಲಿ ರೋಟೆಕ್ಸ್ ಎಂಬ ರೋಬೋ ತೋಳನ್ನು ನಡೆಸಲು ಇದೇ ವಂಶದ, ಚೆಂಡಿನಂಥ ಹಿಡಿಕೆಯನ್ನು ಬಳಸಿದ್ದರು. ಆರು ಬಗೆಯ ಚಲನೆ: ಮೂರು ಸರಿಯುವುದು, ಮೂರು ತಿರುಗುವುದು. ಹಿಡಿಕೆ ಅಲುಗಾಡುವುದು ಕೆಲವೇ ಮಿಲಿಮೀಟರ್. ಎಷ್ಟು ಒತ್ತುತ್ತೀರೋ ಅಷ್ಟು ವೇಗ, ಕೈಬಿಟ್ಟರೆ ನಿಲ್ಲುತ್ತದೆ. ಗೇರ್ ಲಿವರಿನ ಹಾಗೆ ಅಂಗೈಯಿಂದ ಹಿಡಿದರೆ ಮಾಡೆಲ್ ಪರದೆಯಾಚೆಗೆ ಹಾರಿಹೋಗುತ್ತದೆ. ಕುಂಕುಮದ ಚಿಟಿಕೆ ಹಿಡಿದಷ್ಟು ಹಗುರಾಗಿ ಬೆರಳ ತುದಿಯಲ್ಲಿ ಹಿಡಿಯಿರಿ, ಮುಂಗೈ ಮೇಜಿನ ಮೇಲಿರಲಿ. ಮೊದಲ ವಾರ ಸೆಟ್ಟಿಂಗ್‌ನಲ್ಲಿ ವೇಗವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ. ತುರ್ತಿನ ಜಾಬಿನ ಮೇಲೆ ಕಲಿಯಲು ಹೋಗಬೇಡಿ. ಮುಗಿದುಹೋದ ಹಳೆಯ ಬ್ರಾಕೆಟ್ ಒಂದನ್ನು ತೆರೆದು ದಿನಕ್ಕೆ ಹತ್ತು ನಿಮಿಷ ಸುತ್ತಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ‘ಗುಂಡಿ ಜಾಸ್ತಿ ಇರೋದೇ ಕೊಡಿಸಿ ಸರ್’ ಎನ್ನುವವರಿಗೆ ನಾನು ಮೊದಲು ಕೇಳುವುದು, ನಿಮ್ಮ ಎಡಗೈ ಈಗ ಏನು ಮಾಡುತ್ತಿದೆ ಎಂದು. ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಮೌಸ್ ಎಳೆಯುವ ಗೆಸ್ಚರ್‌ಗಳಿಂದ ಬಲಗೈಯಲ್ಲೇ ಕಮಾಂಡ್ ಕೊಡುವವರ ಎಡಗೈ ಬಹುಪಾಲು ಬಿಡುವಾಗಿರುತ್ತದೆ. ಅವರಿಗೆ ಎರಡೇ ಗುಂಡಿಯ ಸ್ಪೇಸ್‌ಮೌಸ್ ಕಾಂಪ್ಯಾಕ್ಟ್ ಎಂಬ 3ಡಿ ಮೌಸ್ ಸಾಕು. ಇನ್ನೊಂದು ಸಾಫ್ಟ್‌ವೇರ್ ಕ್ರಿಯೋದಲ್ಲಿ ಕಮಾಂಡ್ ಕೊಡುವ ಕೀಬೋರ್ಡ್ ಶಾರ್ಟ್‌ಕಟ್‌ಗಳಾದ ಮ್ಯಾಪ್‌ಕೀಗಳನ್ನು ಎಡಗೈಯಿಂದ ಟಪಟಪ ಒತ್ತುವವರ ಕಥೆ ಬೇರೆ. ಕೈ ಕೀಬೋರ್ಡಿಗೂ ಹಿಡಿಕೆಗೂ ಓಡಾಡುತ್ತಲೇ ಇರಬೇಕಾಗುತ್ತದೆ. ಅಂಥವರು ಅದೇ ಸ್ಪೇಸ್‌ಮೌಸಿನ 15 ಗುಂಡಿಯ ಪ್ರೊ ಮಾದರಿ ನೋಡಬಹುದು. ಎಸ್ಕೇಪ್, ಕಂಟ್ರೋಲ್, ಶಿಫ್ಟ್ ಅದರಲ್ಲೇ ಬೆರಳಿಗೆ ಸಿಗುತ್ತವೆ. ಎಂಟರ್‌ಪ್ರೈಸ್ ಮಾದರಿ ಬೆಲೆಯೂ ದೊಡ್ಡದು, ಆಕಾರವೂ ದೊಡ್ಡದು. ಮೊದಲ ಸಲ ಕೊಳ್ಳುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಶೀಟ್ ಮೆಟಲ್ಲಿನ ಫ್ಲಾಟ್ ಪ್ಯಾಟರ್ನ್, ವೈರ್‌ಕಟ್ ಪ್ರೊಫೈಲ್, ಆಟೋಕ್ಯಾಡ್‌ನ 2ಡಿ ಡ್ರಾಯಿಂಗ್, ಇಷ್ಟೇ ನಿಮ್ಮ ಕೆಲಸವಾದರೆ ಯಾವುದೂ ಬೇಡ. ಎಲ್ಲವೂ ಚಪ್ಪಟೆ ಚಿತ್ರ, ತಿರುಗಿಸಲು ಅಲ್ಲಿ ಏನೂ ಇಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಮಾನಿಟರ್ ತೆಗೆದುಕೊಳ್ಳಿ. ಅಚ್ಚಿನ ಎರಡು ಭಾಗಗಳಾದ ಕೋರ್, ಕ್ಯಾವಿಟಿ, ಅವು ಕೂಡುವ ಪಾರ್ಟಿಂಗ್ ಲೈನ್ ಎಂದು ದಿನವಿಡೀ ಮಾಡೆಲ್ ಸುತ್ತುವವರಿಗೆ, ದೊಡ್ಡ ಅಸೆಂಬ್ಲಿ ನೋಡುವವರಿಗೆ ಮಾತ್ರ ಕೊಟ್ಟ ದುಡ್ಡು ವಾಪಸ್ ಬರುತ್ತದೆ.

ಮಣಿಕಟ್ಟು ನೋವು ಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ವೀಲ್ ಒತ್ತುವುದು ಕಡಿಮೆಯಾಗಿ ಬಲಗೈ ಭಾರ ಇಳಿದದ್ದು ನನ್ನ ಮಟ್ಟಿಗೆ ನಿಜ. ಆದರೆ ನಾನು ವೈದ್ಯನಲ್ಲ. ಜುಮುಗುಟ್ಟುವಿಕೆ, ರಾತ್ರಿ ನೋವು ಇದ್ದರೆ ಸಾಮಾನು ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ.

ಪೀಣ್ಯದ ಆ ಹುಡುಗನ ಮೇಜಿನ ಎಡಗಡೆ ಪ್ರಿಂಟ್ ತೆಗೆದ ಡ್ರಾಯಿಂಗುಗಳ ರಾಶಿ, ಜಾಬ್ ಕಾರ್ಡಿನ ಫೈಲುಗಳು, ಒಂದು ಚಹಾ ಫ್ಲಾಸ್ಕ್ ಇದ್ದವು. ಮೊದಲು ಅವನ್ನೆಲ್ಲ ಹಿಂದಿನ ಕಪಾಟಿಗೆ ಸಾಗಿಸಿ, ಕೀಬೋರ್ಡಿನ ಪಕ್ಕ ಒಂದು ಗೇಣು ಜಾಗ ಮಾಡಿದೆವು. ಹಳೇ ಮೌಸ್ ಡ್ರಾಯರಿನಿಂದ ಹೊರಬಂತು. ಆಮೇಲೆ ಅವನ ಎಡಗೈಯನ್ನು ಹಿಡಿಕೆಯ ಮೇಲಿಟ್ಟು, ‘ಈಗ ಕ್ಯಾವಿಟಿಯ ಹಿಂಬದಿ ತೋರಿಸಪ್ಪಾ’ ಅಂದೆ.