ಎಚ್‌ಬಿಒ ಧಾರಾವಾಹಿ ಬೇಸಿಕ್ ಕೇಬಲ್‌ಗೆ ಬಂದಾಗ ಕತ್ತರಿ ಹಿಡಿದವರು ಯಾರು?

ಅಮೆರಿಕದ ಮರುಪ್ರಸಾರ ಮಾರುಕಟ್ಟೆಯನ್ನು ಓದುತ್ತಿರುವವರಿಗೆ ‘ದಿ ಸೊಪ್ರಾನೋಸ್’ ಬಹಳ ಅನುಕೂಲದ ಉದಾಹರಣೆ. ನ್ಯೂಜೆರ್ಸಿಯ ಮಾಫಿಯಾ ಮುಖಂಡ ಟೋನಿ ಸೊಪ್ರಾನೋನ ಕತೆ ಹೇಳುವ ಈ ಸರಣಿಯನ್ನು ರೂಪಿಸಿದವರು ಡೇವಿಡ್ ಚೇಸ್. 1999ರ ಜನವರಿಯಿಂದ 2007ರ ಜೂನ್‌ವರೆಗೆ ಇದರ 86 ಕಂತುಗಳು ಎಚ್‌ಬಿಒದಲ್ಲಿ ಪ್ರಸಾರವಾದವು. ಮೂಲ ಸರಣಿ ಮುಗಿಯುವುದಕ್ಕೆ ಮೊದಲೇ, 2007ರ ಜನವರಿಯಲ್ಲಿ, ಎ ಅಂಡ್ ಇ ಎಂಬ ಬೇಸಿಕ್ ಕೇಬಲ್ ವಾಹಿನಿ ಪರಿಷ್ಕೃತ ಕಂತುಗಳನ್ನು ತೋರಿಸತೊಡಗಿತು. ಆಗಿನ ವರದಿಗಳ ಪ್ರಕಾರ ಅದು ಕೊಟ್ಟ ಬೆಲೆ ಕಂತೊಂದಕ್ಕೆ ಸುಮಾರು 25 ಲಕ್ಷ ಡಾಲರ್.

ಎಚ್‌ಬಿಒ ಚಂದಾದಾರರ ಹಣದಿಂದ, ಜಾಹೀರಾತಿಲ್ಲದೆ ನಡೆಯುವ ಪ್ರೀಮಿಯಂ ವಾಹಿನಿ. ಬೇಸಿಕ್ ಕೇಬಲ್ ವಾಹಿನಿಗೆ ಕೇಬಲ್ ಕಂಪನಿಯು ಪ್ರತಿ ಮನೆಯ ಲೆಕ್ಕದಲ್ಲಿ ಕೊಡುವ ಶುಲ್ಕ ಮತ್ತು ಜಾಹೀರಾತು, ಎರಡೂ ಆದಾಯ.

ಕಾನೂನಿನ ಗಂಟು

ಬೈಗುಳ ಮತ್ತು ನಗ್ನತೆಯನ್ನು ತೆಗೆಯಲು ಎ ಅಂಡ್ ಇಗೆ ಯಾವ ಕಾನೂನು ಹೇಳಿತು ಎಂಬ ಪ್ರಶ್ನೆಗೆ ಉತ್ತರ: ಯಾವುದೂ ಇಲ್ಲ. ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಅಮೆರಿಕ ಸರ್ಕಾರದ ಸಂಯುಕ್ತ ಸಂವಹನ ಆಯೋಗವಾದ ಎಫ್‌ಸಿಸಿಯು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಅಸಭ್ಯ ಪ್ರಸಾರವನ್ನು ನಿಷೇಧಿಸುತ್ತದೆ ಎಂಬುದು ನಿಜ; 1978ರಲ್ಲಿ ಪೆಸಿಫಿಕಾ ಎಂಬ ರೇಡಿಯೊ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಂತ್ರಣವನ್ನು ಎತ್ತಿಹಿಡಿದದ್ದೂ ನಿಜ; 2006ರಲ್ಲಿ ಗರಿಷ್ಠ ದಂಡವನ್ನು ಒಂದು ಉಲ್ಲಂಘನೆಗೆ 3,25,000 ಡಾಲರ್‌ಗೆ ಏರಿಸಿದ್ದೂ ನಿಜ. ಆದರೆ ಇವೆಲ್ಲ ಗಾಳಿಯಲ್ಲಿ ಬಂದು ಆಂಟೆನಾ ಇರುವ ಯಾವ ಮನೆಗಾದರೂ ತಲುಪುವ ರೇಡಿಯೊ ಮತ್ತು ಟಿವಿ ಪ್ರಸಾರಕ್ಕೆ ಸಂಬಂಧಿಸಿದ ನಿಯಮಗಳು. ಕೇಬಲ್ ಎಂಬುದು ಮನೆಯವರು ತಾವಾಗಿಯೇ ಹಣ ಕಟ್ಟಿ ಒಳಗೆ ಕರೆಸಿಕೊಂಡ ತಂತಿ. ಬೇಡವಾದ ವಾಹಿನಿಯನ್ನು ಆ ಮನೆಗೆ ಮಾತ್ರ ಮುಚ್ಚಿಸಲೂ ಸಾಧ್ಯ. 2000ದಲ್ಲಿ ಪ್ಲೇಬಾಯ್ ವಾಹಿನಿಯ ಪ್ರಕರಣದಲ್ಲಿ ಕೇಬಲ್ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ ತೀರ್ಪು ನಿಂತದ್ದು ಈ ವ್ಯತ್ಯಾಸದ ಮೇಲೆಯೇ. ಅಶ್ಲೀಲತೆಯ, ಅಂದರೆ ಕಾಮ ಕೆರಳಿಸುವುದನ್ನು ಬಿಟ್ಟು ಬೇರೆ ಗಂಭೀರ ಮೌಲ್ಯವಿಲ್ಲದ ಸಾಮಗ್ರಿಯ, ವಿಷಯ ಬೇರೆ. ಅದಕ್ಕೆ ಎಲ್ಲ ಮಾಧ್ಯಮಗಳಲ್ಲೂ ನಿಷೇಧವಿದೆ. ‘ಅಸಭ್ಯ’ ಮತ್ತು ‘ಅಶ್ಲೀಲ’ಗಳನ್ನು ಒಂದೇ ಎಂದು ಬರೆದರೆ ಉತ್ತರವೆಲ್ಲ ಅಡಿಮೇಲಾಗುತ್ತದೆ.

ಭಾರತದಲ್ಲಿ ಓದುವವರಿಗೆ ಈ ಗೊಂದಲ ಸಹಜವೇ. ನಮ್ಮಲ್ಲಿ 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ ಕಾರ್ಯಕ್ರಮ ಸಂಹಿತೆ ಉಚಿತ ವಾಹಿನಿಗೂ ಪಾವತಿ ವಾಹಿನಿಗೂ ಅನ್ವಯಿಸುವುದರಿಂದ, ಕತ್ತರಿ ಕಂಡಲ್ಲೆಲ್ಲ ಸರ್ಕಾರದ ಕೈಯನ್ನು ಹುಡುಕುವ ಅಭ್ಯಾಸ ಬೆಳೆದುಬಿಟ್ಟಿದೆ.

ನಾನು ನೆಚ್ಚಿಕೊಂಡಿರುವ ಸುಲಭ ದಾರಿ ಎರಡು ಪ್ರಶ್ನೆಗಳದು: ಟಿವಿ ಸಂಕೇತ (ಸಿಗ್ನಲ್) ಯಾವ ದಾರಿಯಲ್ಲಿ ಬರುತ್ತದೆ? ಹಣ ಯಾರಿಂದ ಬರುತ್ತದೆ? ಮೊದಲನೆಯದು ಕಾನೂನನ್ನು ತಿಳಿಸುತ್ತದೆ, ಎರಡನೆಯದು ಸ್ವಯಂ ಸೆನ್ಸಾರನ್ನು ತಿಳಿಸುತ್ತದೆ. ಎ ಅಂಡ್ ಇ ಬರುವುದು ಕೇಬಲ್‌ನಲ್ಲಿ, ಆದ್ದರಿಂದ ಎಫ್‌ಸಿಸಿಯ ಭಯವಿಲ್ಲ; ಅದಕ್ಕೆ ಜಾಹೀರಾತಿನ ಹಣವೂ ಬರುತ್ತದೆ, ಆದ್ದರಿಂದ ಸಾಬೂನು ಮತ್ತು ಕಾರು ಮಾರುವವರ ಭಯವಿದೆ. 2002ರಲ್ಲಿ ಎಫ್‌ಎಕ್ಸ್ ಎಂಬ ಮತ್ತೊಂದು ಬೇಸಿಕ್ ಕೇಬಲ್ ವಾಹಿನಿ ‘ದಿ ಶೀಲ್ಡ್’ ಎಂಬ ಒರಟು ಪೊಲೀಸ್ ಕತೆಯನ್ನು ಆರಂಭಿಸಿದಾಗ ಕೆಲವು ಜಾಹೀರಾತುದಾರರು ಹಿಂದೆ ಸರಿದದ್ದು ಇದಕ್ಕೆ ಒಳ್ಳೆಯ ಸಾಕ್ಷಿ.

ಕತ್ತರಿಯ ಕೆಲಸ

ಮುಂದೊಂದು ದಿನ ಮರುಪ್ರಸಾರಕ್ಕೆ ಮಾರಬೇಕಾಗುತ್ತದೆ ಎಂಬ ಮುಂದಾಲೋಚನೆಯಿಂದ ಚಿತ್ರೀಕರಣದ ಹೊತ್ತಿನಲ್ಲೇ ಕೆಲವು ದೃಶ್ಯಗಳ ಸೌಮ್ಯ ರೂಪವನ್ನೂ ತೆಗೆದಿಟ್ಟುಕೊಳ್ಳಲಾಗಿತ್ತು. ಟೋನಿಯ ಗುಂಪು ವ್ಯವಹಾರ ಮಾತಾಡುವ ‘ಬಾಡಾ ಬಿಂಗ್’ ಕ್ಲಬ್ಬನ್ನೇ ತೆಗೆದುಕೊಳ್ಳಿ: ಮುನ್ನೆಲೆಯಲ್ಲಿ ಕತೆಗೆ ಬೇಕಾದ ಮಾತು, ಹಿನ್ನೆಲೆಯಲ್ಲಿ ಅರೆನಗ್ನ ನರ್ತಕಿಯರು. ಅಲ್ಲಿ ದೃಶ್ಯವನ್ನು ಕತ್ತರಿಸಿದರೆ ಮಾತೂ ಹೋಗುತ್ತದೆ. ಆದ್ದರಿಂದ ನರ್ತಕಿಯರು ಬಟ್ಟೆ ತೊಟ್ಟಿರುವ ಪರ್ಯಾಯ ಟೇಕ್ ಬೇಕೇ ಬೇಕು. ಬೈಗುಳಗಳಿಗೆ ಮರುಡಬ್ಬಿಂಗ್ ಸಾಕಾಗುತ್ತದೆ, ಆದರೆ ಇಂಗ್ಲಿಷಿನ ‘ಎಫ್’ ಅಕ್ಷರದ ಬೈಗುಳ ಆಡುವಾಗ ಹತ್ತಿರದ ಶಾಟ್‌ನಲ್ಲಿ ಕೆಳತುಟಿ ಮೇಲಿನ ಹಲ್ಲನ್ನು ಮುಟ್ಟುವುದು ಕಾಣುವುದರಿಂದ ಬದಲಿ ಪದವೂ ‘ಫ್’ ಧ್ವನಿಯಿಂದಲೇ ಆರಂಭವಾಗಬೇಕು. ‘ಫ್ರೀಕಿಂಗ್’ ಎಂಬ ಸೌಮ್ಯ ಪದ ಗೆಲ್ಲುವುದು ಇದೇ ಕಾರಣಕ್ಕೆ.

ಹಿಂಸೆಯ ಬಗ್ಗೆ ಒಂದೇ ಮಾತು: ಎಫ್‌ಸಿಸಿಯ ಅಸಭ್ಯತೆಯ ವ್ಯಾಖ್ಯಾನ ಲೈಂಗಿಕತೆ ಮತ್ತು ಮಲಮೂತ್ರಗಳಿಗೆ ಸೀಮಿತವಾಗಿದೆ, ಕೊಲೆ ಅದರೊಳಗೆ ಬರುವುದಿಲ್ಲ. ವಿಚಿತ್ರವೆನಿಸಿದರೂ ನಿಯಮ ಇರುವುದು ಹಾಗೆ.

ಸಮಯದ ಲೆಕ್ಕ

ಜಾಹೀರಾತಿರುವ ವಾಹಿನಿಯ ಒಂದು ಗಂಟೆಯಲ್ಲಿ ಕತೆಗೆ ಉಳಿಯುವುದು ಸುಮಾರು 44 ನಿಮಿಷ ಎಂದಿಟ್ಟುಕೊಂಡರೆ, 52 ನಿಮಿಷದ ಕಂತಿನಿಂದ 8 ನಿಮಿಷ ಹೋಗಬೇಕು, ಇಲ್ಲವೇ ಪ್ರಸಾರದ ಅವಧಿಯನ್ನೇ ಹಿಗ್ಗಿಸಬೇಕು. ಬೈಗುಳ ಬದಲಿಸುವುದರಿಂದ ಒಂದು ಸೆಕೆಂಡೂ ಉಳಿಯುವುದಿಲ್ಲ ಎಂಬುದನ್ನು ಗಮನಿಸಿ. ಸೆನ್ಸಾರ್ ಬೇರೆ, ಅವಧಿಯ ಕತ್ತರಿ ಬೇರೆ. ನನ್ನ ಅಭಿಪ್ರಾಯದಲ್ಲಿ ಕತೆಗೆ ಹೆಚ್ಚು ಪೆಟ್ಟು ಕೊಡಬಲ್ಲದ್ದು ಎರಡನೆಯದೇ, ಏಕೆಂದರೆ ಟೋನಿಯು ಮನೋವೈದ್ಯೆ ಮೆಲ್ಫಿಯವರ ಎದುರು ಸುಮ್ಮನೆ ಕುಳಿತ ಗಳಿಗೆಗಳು ನಿಮಿಷ ಹುಡುಕುವ ಸಂಕಲನಕಾರನಿಗೆ ಮೊದಲು ಕಣ್ಣಿಗೆ ಬೀಳುತ್ತವೆ. ಜೊತೆಗೆ, ಜಾಹೀರಾತಿನ ಬಿಡುವಿಲ್ಲವೆಂದೇ ಬರೆದ ಚಿತ್ರಕತೆಯಲ್ಲಿ ಆ ಬಿಡುವನ್ನು ಎಲ್ಲಿಡಬೇಕೆಂಬ ಸೂಚನೆಯೂ ಇರುವುದಿಲ್ಲ. ಆ ಜಾಗವನ್ನು ಮರುಪ್ರಸಾರದ ಸಂಕಲನಕಾರನೇ ಹುಡುಕಬೇಕು.