ಉಬ್ಬಸದ ಮಗು, ಸಿಂಕಿನ ಕೆಳಗಿನ ಜಿರಳೆ

ಮಗುವಿಗೆ ಉಬ್ಬಸ ಎಂದ ಕೂಡಲೇ ನಮ್ಮಲ್ಲಿ ಬಾಳೆಹಣ್ಣು, ಮೊಸರು ಬಂದ್. ಇನ್‌ಹೇಲರ್ ಬೇಡ, ಅಭ್ಯಾಸವಾಗಿಬಿಡುತ್ತೆ ಅಂತ ಬಂಧುಬಳಗದ ಉಪದೇಶ. ಮೃಗಶಿರಾ ಮಳೆ ಹೂಡಿದರೆ ಜೀವಂತ ಮೀನು ನುಂಗಿಸಲು ಹೈದರಾಬಾದಿನ ರೈಲು ಹತ್ತುವವರೂ ಉಂಟು. ಸಿಂಕಿನ ಕೆಳಗೆ ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆ 2005ರಿಂದ ಜನರನ್ನು ಅಲ್ಲಿಗೇ ಕಳಿಸತೊಡಗಿತು. ಆ ನಗರದ ರಾಕ್ಸ್‌ಬರಿ, ಡಾರ್ಚೆಸ್ಟರ್ ಬಡಾವಣೆಗಳ ಬಡ ಮಕ್ಕಳು ಏದುಸಿರು ಬಿಡುತ್ತ ಬರುತ್ತಿದ್ದರು, ಚೇತರಿಸಿಕೊಂಡು ಅದೇ ಮನೆಗೆ ಮರಳುತ್ತಿದ್ದರು, ಮತ್ತೆ ಬರುತ್ತಿದ್ದರು.

ಜಿರಳೆಯಿಂದ ಅಲರ್ಜಿ ಎಂದು ಸಂಶೋಧಕರಾದ ಬರ್ನ್‌ಟನ್ ಮತ್ತು ಬ್ರೌನ್ 1964ರಲ್ಲೇ ಬರೆದಿದ್ದರು. ಅಮೆರಿಕದ ನಗರಗಳ ಉಬ್ಬಸದ ಮಕ್ಕಳನ್ನು ಪರೀಕ್ಷಿಸಿದ 1997ರ ಅಧ್ಯಯನದಲ್ಲಿ ಶೇ. 36.8 ಮಕ್ಕಳಿಗೆ ಅದಿತ್ತು. ಜಿರಳೆಯ ಹಿಕ್ಕೆ, ಜೊಲ್ಲು, ಸತ್ತ ದೇಹದ ಪುಡಿಯಲ್ಲಿರುವ ಪ್ರೋಟೀನು ಉಸಿರಿನೊಂದಿಗೆ ಒಳಹೋಗುತ್ತದೆ. ಅದನ್ನು ಶತ್ರುವೆಂದು ಮೊದಲೇ ಗುರುತಿಸಿಟ್ಟುಕೊಂಡಿರುವ ಮಾಸ್ಟ್ ಕೋಶಗಳು, ಅಂದರೆ ದೇಹದ ಕಾವಲು ಕೋಶಗಳು, ಹಿಸ್ಟಮಿನ್ ಎಂಬ ಅಲರ್ಜಿಯ ರಾಸಾಯನಿಕ ಚೆಲ್ಲುತ್ತವೆ. ಶ್ವಾಸನಾಳದ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ತುಂಬುತ್ತದೆ. ಇಲ್ಲಿ ಪ್ವಾಸೇಯ್ ಎಂಬ ಫ್ರೆಂಚ್ ವೈದ್ಯನನ್ನು ನೆನೆಯದೆ ಮುಂದೆ ಹೋಗಲಾರೆ. ರಕ್ತ ಹರಿಯುವ ಬಗೆ ಹುಡುಕುತ್ತ ಆತ ಕಂಡುಕೊಂಡ ಲೆಕ್ಕದಂತೆ, ಸಲೀಸಾಗಿ ಹರಿಯುವ ಕಿರುನಾಳದ ವ್ಯಾಸ ಅರ್ಧಕ್ಕಿಳಿದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು! ಎಳನೀರಿನ ಸ್ಟ್ರಾ ಬಿಟ್ಟು ಕಾಫಿ ಕಲಕುವ ಸಣ್ಣ ಕೊಳವೆಯಲ್ಲಿ ಹೀರಿ ನೋಡಿ. ಮಗುವಿನ ನಾಳವೋ ಮೊದಲೇ ಸಣ್ಣದು.

ಮನೆಗೆ ಹೋದ ಆರೋಗ್ಯ ಕಾರ್ಯಕರ್ತೆಯರು ಆ ಮನೆಯವರ ಭಾಷೆಯಲ್ಲೇ ಮಾತಾಡಬಲ್ಲವರು. ದಿನವೂ ಎಳೆಯಬೇಕಾದ ಪಫ್ ಯಾವುದು, ಉಸಿರು ಕಟ್ಟಿದಾಗಿನದು ಯಾವುದು ಎಂದು ತೋರಿಸಿದರು. ಹಾಸಿಗೆಗೆ ಗವಸು, ಒಳ್ಳೆಯ ಫಿಲ್ಟರಿನ ವ್ಯಾಕ್ಯೂಮ್ ಕೊಟ್ಟರು. ಜಿರಳೆಗೆ ಸ್ಪ್ರೇ ಹೊಡೆದರೆ ಆ ಘಾಟಿಗೇ ಮಗು ಕೆಮ್ಮೀತು. ಹಾಗಾಗಿ ಊಟದ ಚೂರು ಮುಚ್ಚಿಡುವುದು, ಸಂದು ಮುಚ್ಚುವುದು, ವಿಷದ ಜೆಲ್ ಇಡುವುದು.

ಒಂದು ವರ್ಷದಲ್ಲಿ ತುರ್ತು ಚಿಕಿತ್ಸೆಗೆ ಬರುವುದು ಶೇ. 68, ದಾಖಲಾಗುವುದು ಸುಮಾರು ಶೇ. 85 ಇಳಿಯಿತು. ಕಾಯಿಲೆ ಜೋರಾಗಿದ್ದಾಗ ಸೇರಿಸಿಕೊಂಡ ಮಕ್ಕಳಿವರು. ಕೆಲವರಿಗೆ ಹೇಗೂ ಇಳಿಯುತ್ತಿತ್ತು ಎನ್ನಬಹುದು, ಇಷ್ಟೊಂದು ಇಳಿದದ್ದನ್ನು ಹಾಗೆ ತಳ್ಳಿಹಾಕಲಾಗದು.

ಸೋರುವ ಪೈಪನ್ನು ಬಾಡಿಗೆದಾರರು ಎಷ್ಟು ಒರೆಸಿದರೇನು? ನೀರಿದ್ದಲ್ಲಿ ಜಿರಳೆ. ಅದಕ್ಕೆ ಬಾಸ್ಟನ್ ನಗರ ಇನ್ನೊಂದು ದಾರಿ ತೆರೆದಿದೆ: ವೈದ್ಯರೇ ಮಗುವಿನ ಮನೆಗೆ ವಸತಿ ತಪಾಸಣೆ ಕೋರಬಹುದು. ಇನ್‌ಸ್ಪೆಕ್ಟರು ಬಂದು ನೋಡಿ, ನಿಯಮ ಮೀರಿದ್ದರೆ ರಿಪೇರಿ ಮಾಡಿಸಲು ಮಾಲೀಕನಿಗೆ ನೋಟಿಸ್ ಕೊಡುತ್ತಾರೆ.